ಹಿಂದಿನ ಕಾರಿನಲ್ಲಿ ಕೂತವರ ಬಗ್ಗೆಯೂ ಬರೆಯಿರಿ

ಗಟ್ಟಿ ಹಗ್ಗ ಕಟ್ಟಿ ನಿಧಾನಕ್ಕೆ ಹೋದರೆ ಸಣ್ಣ ಕಾರಿನಿಂದಲೂ ಕೆಟ್ಟು ನಿಂತ ಇನ್ನೊಂದು ಕಾರನ್ನು ಎಳೆಯಬಹುದು ಎಂದು ಲೇಖನದಲ್ಲಿ ಬರೆದಿದ್ದೀರಿ. ಸರಿ. ಆದರೆ ಹಿಂದಿನ ಕಾರಿನಲ್ಲಿ ಕೂತವರ ಬಗ್ಗೆ ಒಂದು ಮಾತೂ ಇಲ್ಲ. ನಿಜವಾದ ಕಷ್ಟ ಇರುವುದು ಅವರಿಗೇ ಅಲ್ವಾ?

ಎಂಜಿನ್ ಆಫ್ ಆಗಿದ್ದಾಗ ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದಿಲ್ಲ. ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನಂತಾಗುತ್ತದೆ. ಆಮೇಲೆ ಕಾಲಿನ ಬಲವನ್ನೆಲ್ಲ ಹಾಕಿ ತುಳಿಯಬೇಕು. ಪವರ್ ಸ್ಟೀರಿಂಗ್ ಕೂಡ ಭಾರವಾಗುತ್ತದೆ. ಕೀ ಆನ್ ಮಾಡದಿದ್ದರಂತೂ ಸ್ಟೀರಿಂಗೇ ಲಾಕ್ ಆಗಬಹುದು. ಹಾಗಾಗಿ ಸುಮ್ನೆ ಯಾರನ್ನೋ ಕೂರಿಸಬೇಡಿ, ಚೆನ್ನಾಗಿ ಓಡಿಸಲು ಬರುವವರೇ ಕೂರಲಿ. ಆಗಾಗ ಮೆಲ್ಲಗೆ ಬ್ರೇಕ್ ಹಿಡಿದು ಹಗ್ಗ ಸಡಿಲಾಗದಂತೆ ನೋಡಿಕೊಳ್ಳುವುದು ಅವರ ಕೆಲಸ. ಸಡಿಲಾದ ಹಗ್ಗ ಚಕ್ರದಡಿ ಸಿಗುತ್ತದೆ, ಇಲ್ಲವೇ ಒಮ್ಮೆಲೇ ಜಗ್ಗಿ ತುಂಡಾಗುತ್ತದೆ. ತುಂಡಾದ ನೈಲಾನ್ ಹಗ್ಗದ ಏಟು ಭಯಂಕರ. ಹತ್ತಿರ ಯಾರೂ ನಿಲ್ಲಬಾರದು.

ಹಗ್ಗವನ್ನು ಬಂಪರ್‌ಗೆ ಕಟ್ಟುವವರೂ ಇದ್ದಾರೆ. ಅದು ಕಿತ್ತು ಬರುತ್ತದೆ. ಸಾಮಾನ್ಯವಾಗಿ ಕಾರಿನೊಳಗೆ ಜಾಕ್ ಇಟ್ಟಿರುವ ಜಾಗದಲ್ಲೇ ಒಂದು ಟೋ ಹುಕ್, ಅಂದರೆ ಹಗ್ಗ ಕಟ್ಟುವ ಕೊಕ್ಕೆ, ಇರುತ್ತದೆ. ಬಂಪರ್‌ನಲ್ಲಿರುವ ಸಣ್ಣ ಮುಚ್ಚಳ ತೆಗೆದು, ಅಲ್ಲಿ ಆ ಹುಕ್ಕನ್ನು ಕೊನೆಯವರೆಗೂ ತಿರುಗಿಸಿ ಬಿಗಿ ಮಾಡಿ. ಕೆಲವು ಕಾರುಗಳಲ್ಲಿ ಎಡಕ್ಕೆ ತಿರುಗಿಸಿದರೇ ಬಿಗಿಯಾಗುವುದು.

ಮುಂದಿನವರು ಫಸ್ಟ್ ಗೇರಿನಲ್ಲಿ ಹಗ್ಗ ಬಿಗಿಯಾಗುವವರೆಗೆ ಇಂಚಿಂಚೇ ಹೋಗಬೇಕು. ಹಿಂದಿನ ಕಾರೇ ಜಾಸ್ತಿ ಭಾರ ಇದ್ದರೆ ಈ ಸಾಹಸ ಬೇಡ, ಇಳಿಜಾರಿನಲ್ಲಿ ಅದು ನಿಮ್ಮನ್ನೇ ತಳ್ಳುತ್ತದೆ. ಆಟೊಮ್ಯಾಟಿಕ್ ಕಾರಾದರೆ ಮೊದಲು ಕಾರಿನ ಕೈಪಿಡಿ ನೋಡಿ, ಗೇರ್‌ಬಾಕ್ಸ್ ಹಾಳಾಗಬಹುದು. ಬ್ರೇಕ್ ಕೆಟ್ಟಿರುವ ಕಾರನ್ನಂತೂ ಹಗ್ಗ ಕಟ್ಟಿ ಎಳೆಯಲೇಬೇಡಿ, ಲಾರಿ ಮೇಲೆ ಹೇರಿಸಿ. ದಯವಿಟ್ಟು ಇದಿಷ್ಟನ್ನೂ ಲೇಖನಕ್ಕೆ ಸೇರಿಸಿ.