ನಡಿಗೆಗೂ ಮುಂಚಿನ ಟಾಮ್ ಮೂರ್

ಬ್ರಿಟನ್ನಿನ ಮಾಜಿ ಸೇನಾಧಿಕಾರಿ ಕ್ಯಾಪ್ಟನ್ ಟಾಮ್ ಮೂರ್ ಅವರ ಕುರಿತು ನಾನು ಓದಿದ ಲೇಖನವೊಂದು 2020ರ ಏಪ್ರಿಲ್‌ನ ಅವರ ನಿಧಿಸಂಗ್ರಹದ ನಡಿಗೆಗೇ ಬಹುಪಾಲು ಜಾಗ ಕೊಟ್ಟಿದೆ. ಬ್ಲೇಜರಿನ ಮೇಲೆ ಯುದ್ಧಪದಕಗಳನ್ನು ಸಿಕ್ಕಿಸಿಕೊಂಡು, ವಾಕರ್ ಹಿಡಿದು, ನೂರು ವರ್ಷ ತುಂಬುವ ಮೊದಲು ಮನೆಯಂಗಳದ 25 ಮೀಟರ್ ಹಾದಿಯನ್ನು 100 ಸಲ ಕ್ರಮಿಸಿ, ಬ್ರಿಟನ್ನಿನ ಆರೋಗ್ಯ ಸೇವೆಗೆ 1,000 ಪೌಂಡ್ ಕೂಡಿಸಹೊರಟವರಿಗೆ ಮೂರು ಕೋಟಿಗೂ ಮಿಕ್ಕಿ ಪೌಂಡ್ ಹರಿದುಬಂದದ್ದು ಸಣ್ಣ ಸಂಗತಿಯೇನಲ್ಲ. ಆದರೆ ಅದಕ್ಕಿಂತ ಕಠಿಣವಾದದ್ದನ್ನು ಅವರು ಮೊದಲೇ ಮಾಡಿದ್ದರು ಎಂಬುದು ನನ್ನ ಅಭಿಪ್ರಾಯ. ಮರೆಗುಳಿ ಕಾಯಿಲೆಗೆ ತುತ್ತಾದ ಪತ್ನಿ ಪಮೇಲಾ ಆರೈಕೆ ಕೇಂದ್ರವನ್ನು ಸೇರಿದ ಮೇಲೆ, 2006ರಲ್ಲಿ ಆಕೆ ತೀರಿಕೊಳ್ಳುವವರೆಗೂ, ಎಂಬತ್ತು ದಾಟಿದ್ದ ಟಾಮ್ ಮೂರ್ ಪ್ರತಿದಿನವೂ ಅಲ್ಲಿಗೆ ಹೋಗಿಬರುತ್ತಿದ್ದರು. ನೋಡಲು ಯಾರೂ ಬಾರದ ಇತರ ವೃದ್ಧರ ಒಂಟಿತನ ಅವರನ್ನು ಕಾಡಿದ್ದೂ ಅಲ್ಲಿಯೇ. ಆನಂತರ ಕಿರಿಯ ಮಗಳ ಸಂಸಾರದ ಜೊತೆ ಬೆಡ್‌ಫರ್ಡ್‌ಷೈರ್‌ನಲ್ಲಿ ನೆಲೆಸಿದರು.

ಎರಡನೆಯ ಮಹಾಯುದ್ಧದಲ್ಲಿ ಅವರು ಭಾರತಕ್ಕೆ ಬಂದು, ಬರ್ಮಾದ ಅರಾಕಾನ್ ರಣರಂಗದಲ್ಲಿ ಸೇವೆ ಸಲ್ಲಿಸಿದ್ದನ್ನು ಆ ಲೇಖನದ ಲೇಖಕರು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ನಮ್ಮ ಓದುಗರಿಗೆ (ಬರ್ಮಾ ಯುದ್ಧದಲ್ಲಿ ನಮ್ಮವರೇ ಬಹುಸಂಖ್ಯೆಯಲ್ಲಿದ್ದರಲ್ಲವೇ!) ಆ ಭಾಗವನ್ನು ವಿಸ್ತರಿಸಿ ಬರೆದರೆ ಒಳ್ಳೆಯದು.