ಗನ್ ದ್ವೀಪದ ರನ್‌ವೇ ಮೇಲೆ ಯಾರ ಕಾನೂನು?

ಪ್ರಶ್ನೆ: ತನ್ನ ನೆಲಕ್ಕೆ ಬರುವ ಪರದೇಶದ ಸೈನಿಕರ ಸ್ಥಾನಮಾನದ ಬಗ್ಗೆ ಮಾಲ್ಡೀವ್ಸ್‌ನಂಥ ಪುಟ್ಟ ದೇಶ ದೊಡ್ಡ ರಾಷ್ಟ್ರವೊಂದರ ಜೊತೆ ಒಪ್ಪಂದಕ್ಕೆ ಕೂರಬೇಕೆ?

2013ರ ಏಪ್ರಿಲ್‌ನಲ್ಲಿ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯ ಮಾಧ್ಯಮಗಳಲ್ಲಿ ಒಂದು ಕರಡು ಹೊರಬಿತ್ತು. ಅದು ಅಮೆರಿಕ ಮತ್ತು ಮಾಲ್ಡೀವ್ಸ್ ನಡುವಿನ ‘ಸ್ಟೇಟಸ್ ಆಫ್ ಫೋರ್ಸಸ್ ಅಗ್ರಿಮೆಂಟ್’, ಅಂದರೆ ಪಡೆಗಳ ಸ್ಥಾನಮಾನ ಒಪ್ಪಂದ. ಇಂಥ ಒಪ್ಪಂದ ತನಗೆ ನೂರಕ್ಕೂ ಹೆಚ್ಚು ದೇಶಗಳ ಜೊತೆ ಇದೆ, ಮಾಲ್ಡೀವ್ಸ್‌ನಲ್ಲಿ ನೆಲೆ ಕಟ್ಟುವ ಯೋಚನೆ ಇಲ್ಲ ಎಂದು ಅಮೆರಿಕ ಹೇಳಿತು. ಆದರೂ ಗಲಾಟೆ ಎದ್ದಿತು, ಸಹಿ ಬೀಳಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಎರಡೂ ದೇಶಗಳು ರಕ್ಷಣಾ ಸಹಕಾರದ ಒಂದು ಚೌಕಟ್ಟಿಗೆ ಸಹಿ ಹಾಕಿದವು. ಅದು ಬೇರೆಯದೇ ಕಾಗದ.

ಸ್ಥಾನಮಾನ ಒಪ್ಪಂದ ನೆಲೆ ಕೊಡುವ ಕರಾರಲ್ಲ. ಬಂದ ಸೈನಿಕನಿಗೆ ವೀಸಾ ಬೇಕೆ, ಅವನ ಸಾಮಾನಿಗೆ ಸುಂಕ ಬೀಳುತ್ತದೆಯೆ, ಅವನು ಊರೊಳಗೆ ಬಂದೂಕು ಹಿಡಿದು ಓಡಾಡಬಹುದೆ, ಅವನ ಜೀಪು ಯಾರಿಗಾದರೂ ಗುದ್ದಿದರೆ ಪರಿಹಾರ ಕೊಡುವವರು ಯಾರು, ಅವನು ಕೊಲೆ ಮಾಡಿದರೆ ವಿಚಾರಣೆ ಯಾವ ಕೋರ್ಟಿನಲ್ಲಿ ಎಂಬುದನ್ನೆಲ್ಲ ಅದು ಬರೆದಿಡುತ್ತದೆ. ಜಗಳವೆಲ್ಲ ಬಹುಮಟ್ಟಿಗೆ ಆ ಕೊನೆಯ ಪ್ರಶ್ನೆಯದು.

ಪರ: ಸೈನಿಕರು ಬರುವ ಮೊದಲೇ ಕಾಗದವಾಗಲಿ

1988ರ ನವೆಂಬರ್ 3ರಂದು ಬಾಡಿಗೆ ಬಂಟರ ಗುಂಪೊಂದು ಮಾಲೆಗೆ ನುಗ್ಗಿ ಅಧಿಕಾರ ಕಿತ್ತುಕೊಳ್ಳಲು ನೋಡಿತು. ಅಧ್ಯಕ್ಷ ಗಯೂಮ್ ಸಹಾಯಕ್ಕೆ ಮೊರೆಯಿಟ್ಟರು. ಅದೇ ರಾತ್ರಿ ಆಗ್ರಾದಿಂದ ಹೊರಟ ಐಎಲ್-76 ವಿಮಾನಗಳು ಭಾರತದ ಪ್ಯಾರಾ ಸೈನಿಕರನ್ನು ಮಾಲೆಯ ಪಕ್ಕದ ವಿಮಾನ ನಿಲ್ದಾಣದ ದ್ವೀಪವಾದ ಹುಲುಲೆಯಲ್ಲಿ ಇಳಿಸಿದವು. ಆ ಹೊತ್ತಿನಲ್ಲಿ ಯಾವ ಕಾನೂನು, ಯಾವ ಕೋರ್ಟು ಎಂದು ಯಾರೂ ಕೇಳುವಂತಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಈ ದೇಶದ ಸ್ಥಿತಿ ಆ ರಾತ್ರಿ ಇದ್ದಂತೆಯೇ ಇವತ್ತೂ ಇದೆ. ಸುಮಾರು ಐದು ಲಕ್ಷ ಜನ, ಸಾವಿರಕ್ಕೂ ಹೆಚ್ಚು ದ್ವೀಪ, ಸುತ್ತ ಸುಮಾರು ಒಂಬತ್ತು ಲಕ್ಷ ಚದರ ಕಿಲೋಮೀಟರ್ ಸಮುದ್ರ. ಅಷ್ಟನ್ನೂ ಒಬ್ಬಂಟಿಯಾಗಿ ಕಾಯುವುದು ಆಗದ ಮಾತು. ಇಂದು ಭಾರತ, ನಾಳೆ ಅಮೆರಿಕ, ನಾಡಿದ್ದು ಚೀನಾ, ಯಾರಾದರೂ ಬಂದೇ ಬರುತ್ತಾರೆ. ಬರುವವರು ಯಾವ ಷರತ್ತಿನ ಮೇಲೆ ಬರಬೇಕು ಎಂಬುದಷ್ಟೇ ಮಾಲೆಯ ಕೈಯಲ್ಲಿರುವುದು.

ಬೆಂಗಳೂರಿನಲ್ಲಿ ಹನ್ನೊಂದು ತಿಂಗಳ ಕರಾರಿಲ್ಲದೆ ಯಾರೂ ಮನೆ ಬಾಡಿಗೆಗೆ ಕೊಡುವುದಿಲ್ಲ. ಗೋಡೆಗೆ ಮೊಳೆ ಹೊಡೆಯಬಹುದೆ, ಬಣ್ಣ ಬಳಿಸಿದ ಖರ್ಚು ಯಾರದು ಎಂಬಷ್ಟನ್ನು ಕೂಡ ಬರೆದಿಟ್ಟುಕೊಳ್ಳುತ್ತೇವೆ. ಬಂದೂಕು ಹಿಡಿದು ಬರುವ ಬಾಡಿಗೆದಾರನನ್ನು ಮಾತ್ರ ಬಾಯಿಮಾತಿನ ಮೇಲೆ ಒಳಗೆ ಬಿಟ್ಟುಕೊಳ್ಳಬೇಕೆ?

ಬಾಯಿಮಾತಿನ, ಗುಟ್ಟಿನ ಏರ್ಪಾಟು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಈಚಿನ ವರ್ಷಗಳಲ್ಲೇ ಕಂಡಿದ್ದೇವೆ. ನಮ್ಮ ಎಚ್‌ಎಎಲ್‌ನಲ್ಲಿ ತಯಾರಾದ ಧ್ರುವ್ ಹೆಲಿಕಾಪ್ಟರ್ 2010ರಲ್ಲಿ ದೇಶದ ದಕ್ಷಿಣ ತುದಿಯ ಅಡ್ಡು ಹವಳದ್ವೀಪ ಸಮೂಹಕ್ಕೆ ಹೋಯಿತು. ಮುಂದೆ ಇನ್ನೊಂದು ಹೆಲಿಕಾಪ್ಟರ್, ಆಮೇಲೆ ಡಾರ್ನಿಯರ್ ವಿಮಾನ. ಇವು ಮಾಡಿದ್ದು ದೂರದ ದ್ವೀಪಗಳ ರೋಗಿಗಳನ್ನು ಆಸ್ಪತ್ರೆಗೆ ತರುವ, ಸಮುದ್ರದಲ್ಲಿ ದಾರಿ ತಪ್ಪಿದ ದೋಣಿಗಳನ್ನು ಹುಡುಕುವ ಕೆಲಸ. ಹಾರಿಸಲು, ರಿಪೇರಿ ಮಾಡಲು ಇದ್ದ ಭಾರತದ ಸೇನಾ ಸಿಬ್ಬಂದಿ ಎಂಬತ್ತರೊಳಗೆ. ಆದರೆ ಆ ಒಪ್ಪಂದಗಳನ್ನು ಸರ್ಕಾರ ಜನರ ಮುಂದೆ ಬಿಚ್ಚಿಡಲಿಲ್ಲ. ಎಷ್ಟು ಮಂದಿ, ಎಷ್ಟು ವರ್ಷ, ಯಾರ ಅಪ್ಪಣೆಯ ಕೆಳಗೆ ಎಂಬುದಕ್ಕೆ ಉತ್ತರವಿಲ್ಲದಾಗ ಆ ಜಾಗವನ್ನು ಗಾಳಿಸುದ್ದಿ ತುಂಬಿತು. ‘ಇಂಡಿಯಾ ಔಟ್’ ಎಂಬ ಬರಹ ಟೀ ಶರ್ಟುಗಳ ಮೇಲೆ, ಗೋಡೆಗಳ ಮೇಲೆ ಬಂತು, ಒಂದು ಚುನಾವಣೆಯ ಘೋಷಣೆಯೇ ಆಯಿತು. ಹೆಲಿಕಾಪ್ಟರಿನಲ್ಲಿ ಜೀವ ಉಳಿಸಿಕೊಂಡವರ ಊರುಗಳಲ್ಲೂ ಅನುಮಾನ ಹುಟ್ಟಿತಲ್ಲ, ಅದು ನನಗೆ ಇವತ್ತಿಗೂ ನೋವಿನ ವಿಷಯ. ಆ ಕಾಗದ ಮೊದಲ ದಿನವೇ ಸಂಸತ್ತಿನ ಮೇಜಿನ ಮೇಲೆ ಬಿದ್ದಿದ್ದರೆ?

ಬೀಳಿಸುವ ದಾರಿ ಮಾಲ್ಡೀವ್ಸ್‌ನ ಸಂವಿಧಾನದಲ್ಲೇ ಇದೆ. 2008ರಲ್ಲಿ ಬರೆದ ಸಂವಿಧಾನದ 251ನೇ ವಿಧಿಯ ಮೂಲ ಪಠ್ಯದ ಪ್ರಕಾರ, ಸಂಸತ್ತಾದ ಮಜ್ಲಿಸ್‌ನ ಒಟ್ಟು ಸದಸ್ಯರ ಬಹುಮತದ ಒಪ್ಪಿಗೆ ಇಲ್ಲದೆ ದೇಶದ ಯಾವ ಭಾಗವನ್ನೂ ಪರದೇಶದ ಸೇನೆಯ ಬಳಕೆಗೆ ಕೊಡುವಂತಿಲ್ಲ. ಹಾಜರಿದ್ದವರ ಬಹುಮತವಲ್ಲ, ಒಟ್ಟು ಸದಸ್ಯರದು. ಸಂಧಾನಕ್ಕೆ ಕೂತ ಅಧಿಕಾರಿಗೆ ಇದಕ್ಕಿಂತ ಒಳ್ಳೆಯ ಹತಾರ ಬೇಕೆ? ‘ನಾನು ಒಪ್ಪಿದರೂ ನಮ್ಮ ಮಜ್ಲಿಸ್ ಒಪ್ಪುವುದಿಲ್ಲ’ ಎಂದು ಎದುರಿನವನಿಗೆ ಹೇಳಿ ಕರಡನ್ನು ವಾಪಸ್ ತಳ್ಳಬಹುದು.

ಚಿಕ್ಕವರು ಚೌಕಾಸಿ ಮಾಡಲಾರರು ಎಂಬ ಮಾತನ್ನು ಅಡ್ಡುವಿನ ಗನ್ ದ್ವೀಪದ ಇತಿಹಾಸವೇ ಸುಳ್ಳು ಮಾಡುತ್ತದೆ. 1956ರಲ್ಲಿ ಬ್ರಿಟಿಷರು ಈ ದ್ವೀಪವನ್ನು ವಾಯುನೆಲೆಗೆಂದು ನೂರು ವರ್ಷಕ್ಕೆ, ವರ್ಷಕ್ಕೆ ಎರಡು ಸಾವಿರ ಪೌಂಡಿಗೆ ಬರೆಸಿಕೊಂಡರು. ಮರುವರ್ಷ ಪ್ರಧಾನಿಯಾದ ಇಬ್ರಾಹಿಂ ನಾಸಿರ್ ಇದು ಆಗುವುದಿಲ್ಲ ಎಂದು ಹಟ ಹಿಡಿದರು. ಆಗ ದೇಶಕ್ಕೆ ಪೂರ್ತಿ ಸ್ವಾತಂತ್ರ್ಯವೂ ಬಂದಿರಲಿಲ್ಲ, ಅದು ಬಂದದ್ದು 1965ರಲ್ಲಿ. ಆದರೂ 1960ರ ಹೊಸ ಒಪ್ಪಂದದಲ್ಲಿ ನೂರು ವರ್ಷ ಮೂವತ್ತಕ್ಕೆ ಇಳಿಯಿತು, ಅಭಿವೃದ್ಧಿಗೆಂದು ಏಳೂವರೆ ಲಕ್ಷ ಪೌಂಡ್ ಬಂತು. ಆಫ್ರಿಕಾದ ಪುಟ್ಟ ದೇಶ ಜಿಬೂಟಿಯೂ ಹೀಗೆಯೇ 2014ರಲ್ಲಿ ಅಮೆರಿಕದ ನೆಲೆಯ ಬಾಡಿಗೆಯನ್ನು ವರ್ಷಕ್ಕೆ ಸುಮಾರು 63 ಮಿಲಿಯನ್ ಡಾಲರಿಗೆ ಏರಿಸಿಕೊಂಡಿತು.

ಇನ್ನು ಕೋರ್ಟಿನ ವಿಷಯ. 1957ರ ಜನವರಿಯಲ್ಲಿ ಜಪಾನಿನ ಸೋಮಗಹರ ಫೈರಿಂಗ್ ರೇಂಜಿನಲ್ಲಿ ಆರು ಮಕ್ಕಳ ತಾಯಿಯೊಬ್ಬಳು ಗುಜರಿಗೆ ಮಾರಲೆಂದು ಹಿತ್ತಾಳೆಯ ಖಾಲಿ ತೋಟಾಗಳನ್ನು ಆಯುತ್ತಿದ್ದಳು. ಕಾವಲಿಗಿದ್ದ ಅಮೆರಿಕನ್ ಸೈನಿಕನೊಬ್ಬ ತನ್ನ ಗ್ರೆನೇಡ್ ಲಾಂಚರಿಗೆ ಅಂಥದ್ದೇ ಖಾಲಿ ತೋಟಾ ತುರುಕಿ ಅವಳತ್ತ ಹೊಡೆದ. ಅದು ಬೆನ್ನಿಗೆ ಬಡಿದು ಅವಳು ಸತ್ತಳು. ಅಮೆರಿಕದಲ್ಲಿ ‘ನಮ್ಮ ಹುಡುಗನನ್ನು ಬಿಟ್ಟುಕೊಡಬೇಡಿ’ ಎಂದು ಕೂಗೆದ್ದಿತು, ವಿಷಯ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೋರ್ಟು ಅವನನ್ನು ಜಪಾನಿಗೆ ಒಪ್ಪಿಸಲು ಅಡ್ಡಿಯಿಲ್ಲ ಎಂದಿತು, ಜಪಾನಿನ ನ್ಯಾಯಾಲಯ ಅವನು ಅಪರಾಧಿ ಎಂದು ತೀರ್ಪು ಕೊಟ್ಟಿತು. ಇದಕ್ಕೆ ದಾರಿ ಮಾಡಿದ್ದು ಎರಡು ದೇಶಗಳ ನಡುವೆ ಇದ್ದ ಕಾಗದ. ಡ್ಯೂಟಿಯ ಮೇಲೆ ಆದ ತಪ್ಪಿಗೆ ಸೈನಿಕನ ದೇಶ, ಉಳಿದದ್ದಕ್ಕೆ ನೆಲದ ಒಡೆಯನ ಕೋರ್ಟು ಎಂಬ ಹಂಚಿಕೆಯನ್ನು ಅಮೆರಿಕ, ಯುರೋಪ್ ದೇಶಗಳ ಸೇನಾ ಕೂಟವಾದ ನ್ಯಾಟೋದ 1951ರ ಸ್ಥಾನಮಾನ ಒಪ್ಪಂದದ ಏಳನೇ ವಿಧಿ ರೂಪಿಸಿತ್ತು, ಜಪಾನ್ ಅದನ್ನೇ ತನಗೂ ಬೇಕೆಂದು ಪಡೆದಿತ್ತು. ಮಾಲೆ ಕೇಳಬೇಕಾದದ್ದೂ ಅದನ್ನೇ. ಷರಿಯಾ ಶಿಕ್ಷೆಗಳಿರುವ ದೇಶದಲ್ಲಿ ನಮ್ಮ ಸೈನಿಕನ ಗತಿ ಏನು ಎಂದು ಎದುರಿನವರು ಹಿಂಜರಿಯುತ್ತಾರೆ. ಇಂಥ ಶಿಕ್ಷೆ ಇರಬಾರದು, ದುಭಾಷಿ ಇರಬೇಕು, ವಕೀಲ ಇರಬೇಕು ಎಂದು ಬರೆದುಕೊಟ್ಟು ವಿಚಾರಣೆಯ ಹಕ್ಕನ್ನು ಮಾತ್ರ ಉಳಿಸಿಕೊಳ್ಳಲು ಸಾಧ್ಯವಿದೆ. ಕಾಗದವೇ ಬೇಡ ಎಂದು ಎದ್ದು ಹೋದರೆ ಅದನ್ನು ಕೇಳುವ ಮೇಜೂ ಉಳಿಯುವುದಿಲ್ಲ.

ವಿರೋಧ: ಆ ಮೇಜಿನ ಎರಡು ಬದಿ ಸಮ ಇಲ್ಲ

ಕಾಗದ ಒಳ್ಳೆಯದು ಎಂಬ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಅದನ್ನು ಬರೆಯುವವರು ಯಾರು? ನೂರು ದೇಶಗಳ ಜೊತೆ ಇದೇ ಒಪ್ಪಂದ ಮಾಡಿದವರು ಕರಡನ್ನು ಮನೆಯಲ್ಲೇ ಬರೆದುಕೊಂಡು ಬರುತ್ತಾರೆ. ನ್ಯಾಟೋದ ಏಳನೇ ವಿಧಿ ಸಿಕ್ಕಿದ್ದು ಬ್ರಿಟನ್, ಫ್ರಾನ್ಸ್‌ನಂಥವರಿಗೆ. ಅವರ ಸೈನಿಕರೂ ಬೇರೆ ದೇಶಗಳಿಗೆ ಹೋಗುವವರು, ಹಾಗಾಗಿ ನ್ಯಾಯ ಎರಡೂ ಕಡೆ ತೂಗಬೇಕಿತ್ತು. ಮಾಲ್ಡೀವ್ಸ್‌ನ ಸೈನಿಕರು ವರ್ಜೀನಿಯಾದಲ್ಲಿ ಬೀಡು ಬಿಡುವುದಿಲ್ಲ. ಬಲವಿಲ್ಲದ ದೇಶಗಳಿಗೆ ಸಿಗುವುದು ಬೇರೆಯೇ ಸಾಲು: ಬಂದ ಸಿಬ್ಬಂದಿಗೆ 1961ರ ವಿಯೆನ್ನಾ ಒಪ್ಪಂದದ ಪ್ರಕಾರ ರಾಯಭಾರ ಕಚೇರಿಯ ಆಡಳಿತ ಮತ್ತು ತಾಂತ್ರಿಕ ಸಿಬ್ಬಂದಿಯ ಸ್ಥಾನಮಾನ. ಓದುವಾಗ ಗುಮಾಸ್ತರ ವಿಷಯದಂತೆ ಕಾಣುತ್ತದೆ. ಅದರ ಅರ್ಥ, ಆ ಸೈನಿಕ ಏನು ಮಾಡಿದರೂ ನೆಲದ ಪೊಲೀಸರು ಅವನನ್ನು ಬಂಧಿಸುವಂತಿಲ್ಲ, ನೆಲದ ಕೋರ್ಟು ಅವನನ್ನು ಕ್ರಿಮಿನಲ್ ಕಟಕಟೆಗೆ ತರುವಂತಿಲ್ಲ.

ಈ ಸಾಲಿಗೆ ಕಿರ್ಗಿಸ್ತಾನ್ ಸಹಿ ಹಾಕಿತ್ತು. ಬಿಷ್ಕೆಕ್ ಬಳಿಯ ಮನಾಸ್ ವಿಮಾನ ನಿಲ್ದಾಣದಲ್ಲಿ 2001ರಿಂದ ಅಮೆರಿಕದ ನೆಲೆ ಇತ್ತು. 2006ರ ಡಿಸೆಂಬರ್‌ನಲ್ಲಿ ಇಂಧನದ ಲಾರಿಯ ಚಾಲಕನೊಬ್ಬ ತಪಾಸಣೆಗೆ ಗೇಟಿನಲ್ಲಿ ನಿಂತ. ಕಾವಲಿನ ಸೈನಿಕ ಗುಂಡು ಹಾರಿಸಿದ, ಚಾಲಕ ಸತ್ತ. ಚಾಕು ತೋರಿಸಿದ ಎಂದು ಸೈನಿಕನ ಹೇಳಿಕೆ. ನಿಜವೋ ಸುಳ್ಳೋ ತೂಗಿ ನೋಡುವ ಅವಕಾಶ ಕಿರ್ಗಿಜ್ ನ್ಯಾಯಾಧೀಶರಿಗೆ ಸಿಗಲೇ ಇಲ್ಲ. ಸರ್ಕಾರ ಕೇಳಿಕೊಂಡಿತು, ಜನ ಬೀದಿಗಿಳಿದರು, ಆ ಸೈನಿಕ ವಿಮಾನ ಹತ್ತಿ ತನ್ನ ದೇಶಕ್ಕೆ ಹೋದ. 2014ರಲ್ಲಿ ನೆಲೆ ಮುಚ್ಚಿತು. ಚಾಲಕನ ಹೆಂಡತಿ ಯಾವ ಕೋರ್ಟಿಗೆ ಹೋಗಬೇಕಿತ್ತು?

ಸೋಮಗಹರದ ಕತೆಯನ್ನು ಪರ ವಾದ ಅರ್ಧಕ್ಕೆ ನಿಲ್ಲಿಸಿದೆ. ಆ ಸೈನಿಕನಿಗೆ ಜಪಾನಿನ ಕೋರ್ಟು ಕೊಟ್ಟದ್ದು ಮೂರು ವರ್ಷದ ಶಿಕ್ಷೆ, ಅದನ್ನೂ ಅಮಾನತಿನಲ್ಲಿಟ್ಟಿತು. ಅವನು ಒಂದು ದಿನವೂ ಜೈಲಿನಲ್ಲಿ ಕೂರದೆ ಊರಿಗೆ ಹೋದ. ಕೊಲೆಯ ಆರೋಪ ಹೊರಿಸುವುದಿಲ್ಲ, ಹಗುರ ಆರೋಪ ಹೊರಿಸುತ್ತೇವೆ ಎಂದು ಎರಡು ಸರ್ಕಾರಗಳು ಮೊದಲೇ ಗುಟ್ಟಾಗಿ ಮಾತಾಡಿಕೊಂಡದ್ದು ದಶಕಗಳ ನಂತರ ಬಿಡುಗಡೆಯಾದ ದಾಖಲೆಗಳಿಂದ ಹೊರಬಂತು. ಮೇಲೆ ಅಷ್ಟು ಚೆಂದದ ವಿಧಿ, ಅದರ ಕೆಳಗೆ ಇನ್ನೊಂದು ಮಾತು. ಜಪಾನಿಗೇ ಹೀಗಾದರೆ ಐದು ಲಕ್ಷ ಜನರ ದೇಶಕ್ಕೆ ಏನು ಭರವಸೆ?

ಸರಿ, ಒಳ್ಳೆಯ ವಿಧಿಯೇ ಸಿಕ್ಕಿತು ಎಂದುಕೊಳ್ಳೋಣ. ಫಿಲಿಪ್ಪೀನ್ಸ್‌ಗೆ ಸಿಕ್ಕಿತ್ತು. ಅಲ್ಲಿನ ಕೋರ್ಟು ವಿಚಾರಣೆ ಮಾಡಬಹುದು, ಆದರೆ ಅಮೆರಿಕ ಕೇಳಿದರೆ ವಿಚಾರಣೆ ಮುಗಿಯುವವರೆಗೂ ಆರೋಪಿ ಅವರ ಕಸ್ಟಡಿಯಲ್ಲೇ, ಮತ್ತು ಎಲ್ಲವೂ ಒಂದು ವರ್ಷದಲ್ಲಿ ಮುಗಿಯಬೇಕು. 2006ರಲ್ಲಿ ಅತ್ಯಾಚಾರದ ಕೇಸಿನಲ್ಲಿ ಒಬ್ಬ ಅಮೆರಿಕನ್ ಸೈನಿಕನಿಗೆ ಶಿಕ್ಷೆಯಾಯಿತು. ಕೆಲವೇ ವಾರಗಳಲ್ಲಿ, ರಾತ್ರೋರಾತ್ರಿ, ಅವನನ್ನು ಮಕಾಟಿಯ ಜೈಲಿನಿಂದ ಅಮೆರಿಕದ ರಾಯಭಾರ ಕಚೇರಿಗೆ ಸಾಗಿಸಿದರು. ಇದು ತಪ್ಪು ಎಂದು 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ಮೇಲ್ಮನವಿಯಲ್ಲಿ ಖುಲಾಸೆಯಾಗುವವರೆಗೂ ಅವನು ರಾಯಭಾರ ಕಚೇರಿಯಲ್ಲೇ ಇದ್ದ. 2014ರಲ್ಲಿ ಒಲೊಂಗಪೋದಲ್ಲಿ ಒಬ್ಬ ಟ್ರಾನ್ಸ್‌ಜೆಂಡರ್ ಮಹಿಳೆಯನ್ನು ಕೊಂದ ಇನ್ನೊಬ್ಬ ಅಮೆರಿಕನ್ ಸೈನಿಕ ಸಾಮಾನ್ಯ ಜೈಲಿಗೆ ಹೋಗಲಿಲ್ಲ, ಸೇನಾ ಶಿಬಿರದೊಳಗಿನ ಪ್ರತ್ಯೇಕ ಕೋಣೆಯಲ್ಲಿದ್ದ. 2020ರಲ್ಲಿ ಅಧ್ಯಕ್ಷ ದುತೆರ್ತೆ ಅವನಿಗೆ ಕ್ಷಮಾದಾನ ಕೊಟ್ಟರು. ಹತ್ತು ಕೋಟಿ ಜನರ ದೇಶದ ಪಾಡು ಇದು. ಯಾವ ಕೋರ್ಟು ಎಂಬ ಸಾಲನ್ನು ಗೆದ್ದವರು, ಆರೋಪಿ ರಾತ್ರಿ ಮಲಗುವುದು ಎಲ್ಲಿ ಎಂಬ ಸಾಲಿನಲ್ಲಿ ಸೋತರು.

ಹಿಂದೂ ಮಹಾಸಾಗರದಲ್ಲಿ ಇನ್ನೊಂದು ಕಷ್ಟವಿದೆ. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರು ಕೇಳದೆ ಬಿಡುವುದಿಲ್ಲ. 2024ರ ಮಾರ್ಚ್‌ನಲ್ಲಿ ಮಾಲೆ ಚೀನಾದ ಜೊತೆ ಸೇನಾ ನೆರವಿನ ಒಪ್ಪಂದಕ್ಕೆ ಸಹಿ ಹಾಕಿತು, ಅದರ ಪಠ್ಯವೂ ಹೊರಗೆ ಬರಲಿಲ್ಲ. ಅಮೆರಿಕದ ಸೈನಿಕನಿಗೆ ಒಂದು ರಕ್ಷಣೆ ಬರೆದುಕೊಟ್ಟ ಮೇಲೆ, ಚೀನಾದವನಿಗೆ ಇಲ್ಲ ಎನ್ನಲು ಯಾವ ಮುಖವಿರುತ್ತದೆ? ಭಾರತದವನಾದ ನಾನು ಇದನ್ನು ಬರೆಯುವಾಗ ನಮ್ಮ ಸೈನಿಕರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಮ್ಮವರು ಒಳ್ಳೆಯವರು ಎಂಬ ನಮ್ಮ ನಂಬಿಕೆ ಅಡ್ಡುವಿನ ಮೀನುಗಾರನ ಪಾಲಿಗೆ ಕಾನೂನು ಆಗುವುದಿಲ್ಲ.

ಹಾಗಾದರೆ ಸಹಾಯವೇ ಬೇಡವೆ? ಬೇಕು. ಅದಕ್ಕೆ ಸಮವಸ್ತ್ರ ಬೇಕಿಲ್ಲ ಎಂಬುದು ಕಣ್ಣೆದುರೇ ನಡೆದಿದೆ. 2024ರ ಮೇ 10ರೊಳಗೆ ಭಾರತದ ಸೇನಾ ಸಿಬ್ಬಂದಿ ಹಿಂದೆ ಬಂದರು. ಅವರ ಜಾಗಕ್ಕೆ ಎಚ್‌ಎಎಲ್‌ನ ನಾಗರಿಕ ತಂತ್ರಜ್ಞರು ಹೋದರು. ಹೆಲಿಕಾಪ್ಟರ್ ಅದೇ, ರನ್‌ವೇ ಅದೇ, ಸ್ಪ್ಯಾನರ್ ಹಿಡಿದ ಕೈ ಮಾತ್ರ ಬೇರೆ. ಬೆಂಗಳೂರಿನಿಂದ ಹೋದ ತಂತ್ರಜ್ಞನಿಗೆ ಸೈನಿಕನ ಸ್ಥಾನಮಾನದ ಕಾಗದ ಬೇಕಾಗುವುದಿಲ್ಲ. ಸಿಟ್ಟಿನಲ್ಲಿ ಶುರುವಾದ ಜಗಳ ಕೊನೆಗೆ ತಲುಪಿದ ಈ ಏರ್ಪಾಟು ಎರಡೂ ದೇಶಕ್ಕೆ ಒಳ್ಳೆಯದಾಗಿದೆ ಎಂದೇ ನನ್ನ ಅಭಿಪ್ರಾಯ. ವರ್ಷಗಟ್ಟಲೆ ಇಂಥ ತಂತ್ರಜ್ಞರು, ಅಷ್ಟರಲ್ಲಿ ಮಾಲ್ಡೀವ್ಸ್‌ನ ಹುಡುಗ ಹುಡುಗಿಯರಿಗೆ ಪೈಲಟ್ ತರಬೇತಿ, ತೀರಾ ಕಷ್ಟ ಬಂದರೆ 1988ರಂತೆ ಕರೆ ಮಾಡಿ ಕರೆಸಿಕೊಂಡು ಕೆಲಸ ಮುಗಿದ ಮೇಲೆ ಕಳಿಸಿಕೊಡುವುದು.

ಗನ್ ದ್ವೀಪದ ಚೌಕಾಸಿಯನ್ನು ಗೆಲುವು ಎಂದು ಲೆಕ್ಕ ಹಾಕುವವರು ಆ ಸಹಿಯ ಸುತ್ತ ನಡೆದದ್ದನ್ನೂ ಲೆಕ್ಕಕ್ಕೆ ತರಬೇಕು. ನೆಲೆಯ ಸಂಬಳ ಉಂಡ ದಕ್ಷಿಣದ ದ್ವೀಪಗಳು ಮಾಲೆಯ ಮೇಲಿನ ಸಿಟ್ಟಿನಲ್ಲಿ 1959ರಲ್ಲಿ ಸುವಾದಿವ್ ಎಂಬ ಬೇರೆ ದೇಶವನ್ನೇ ಘೋಷಿಸಿಕೊಂಡವು. 1962ರಲ್ಲಿ ನಾಸಿರ್ ಸ್ವತಃ ಸಶಸ್ತ್ರ ಹಡಗಿನಲ್ಲಿ ಹೋಗಿ ತಿನಾಧೂ ದ್ವೀಪವನ್ನು ಬರಿದು ಮಾಡಿಸಿದರು. ಮನೆಗಳು ನೆಲಸಮವಾದವು, ಜನ ಚದುರಿದರು. 1963ಕ್ಕೆ ಆ ದೇಶ ಮುಗಿಯಿತು. 1976ರಲ್ಲಿ, ಮೂವತ್ತು ವರ್ಷ ತುಂಬುವ ಎಷ್ಟೋ ಮೊದಲೇ, ಬ್ರಿಟನ್‌ಗೆ ನೆಲೆ ಬೇಡವಾಯಿತು. ಬ್ರಿಟಿಷರು ಹೊರಟರು, ಕೆಲಸ ಹೋಯಿತು. ನೆಲೆಯಲ್ಲಿ ಇಂಗ್ಲಿಷ್ ಕಲಿತಿದ್ದ ಅಡ್ಡುವಿನ ಗಂಡಸರು ಆಗಷ್ಟೇ ತೆರೆಯುತ್ತಿದ್ದ ರೆಸಾರ್ಟುಗಳಲ್ಲಿ ದುಡಿಯಲು ಹೆಂಡತಿ ಮಕ್ಕಳನ್ನು ಬಿಟ್ಟು ಉತ್ತರಕ್ಕೆ ಹೋದರು.

ಆ ರನ್‌ವೇಗಾಗಿ ಮೊದಲು ಜಾಗ ಬಿಟ್ಟವರು ಗನ್‌ನಲ್ಲೇ ಹುಟ್ಟಿ ಬೆಳೆದವರು. ಅವರನ್ನು ಪಕ್ಕದ ಫೇಧೂ ದ್ವೀಪಕ್ಕೆ ಕಳಿಸಿದರು. ಫೇಧೂವಿನಲ್ಲಿ ಇದ್ದವರಿಗೆ ಜಾಗ ಸಾಲದೆ ಅವರನ್ನು ಆಚೆಯ ಮರಧೂಗೆ ಸರಿಸಿದರು. ಮರಧೂವಿನಲ್ಲಿ ಅವರು ಕಟ್ಟಿಕೊಂಡ ಊರಿನ ಹೆಸರು ಇಂದಿಗೂ ಮರಧೂ-ಫೇಧೂ.