ಹಾಲಿಗೆ ‘ಆಲು’ ಅಂದವನು

ಟೊರಾಂಟೊದಲ್ಲಿ ಹನ್ನೆರಡು ವರ್ಷ ಇದ್ದೂ ‘ರೈಸ್‌ಬಾಯ್ ಸ್ಲೀಪ್ಸ್’ ಚಿತ್ರವನ್ನು ನಾನು ನೋಡಿದ್ದು ಮಂಡ್ಯದಲ್ಲಿ, ರಜೆಗೆ ಬಂದಾಗ, ಅವ್ವನ ಪಕ್ಕ ಕೂತು. ಆಂಟನಿ ಶಿಮ್ ನಿರ್ದೇಶನದ್ದು. 2022ರ ಟೊರಾಂಟೊ ಚಿತ್ರೋತ್ಸವದಲ್ಲಿ ಪ್ಲಾಟ್‌ಫಾರ್ಮ್ ಪ್ರಶಸ್ತಿ ಪಡೆದಿತ್ತು. ನಮ್ಮ ಬಳಗದಲ್ಲಿ ಅದರ ಹೆಸರು ಕೇಳಿದವರೇ ಇಲ್ಲ.

ತೊಂಬತ್ತರ ದಶಕದ ಕಥೆ. ಕೊರಿಯಾದಿಂದ ಕೆನಡಾಕ್ಕೆ ಬಂದ ಸೋ-ಯಂಗ್ ಕಾರ್ಖಾನೆಯಲ್ಲಿ ದುಡಿದು ಒಬ್ಬಳೇ ಮಗನನ್ನು ಸಾಕುತ್ತಾಳೆ. ಡಾಂಗ್-ಹ್ಯುನ್ ಎಂಬ ಹುಡುಗ ಶಾಲೆಯಲ್ಲಿ ಡೇವಿಡ್ ಆಗುತ್ತಾನೆ. ಡಬ್ಬಿಯಲ್ಲಿ ತಾಯಿ ಕಟ್ಟಿಕೊಟ್ಟ ಕಿಂಬಾಪ್ ಇರುತ್ತದೆ, ಅಂದರೆ ಕಡಲಪಾಚಿ ಹಾಳೆಯಲ್ಲಿ ಸುತ್ತಿದ ಅನ್ನ. ಉಳಿದ ಮಕ್ಕಳು ಗೇಲಿ ಮಾಡುತ್ತಾರೆ. ಅವ್ವನಿಗೆ ಭಾಷೆ ಬೇಕಾಗಲಿಲ್ಲ. ‘ಅಷ್ಟು ಚೆಂದಾಗಿ ಸುತ್ತವ್ಳೆ, ಆಡ್ಕತವಲ್ಲ ಈ ಐಕ್ಳು’ ಅಂದಳು.

ನನ್ನ ಮಗನಿಗೆ ತೋರಿಸೋಣ ಅಂತ ಹಾಕಿದ ಚಿತ್ರ. ಅವನು ಅರ್ಧಕ್ಕೇ ಎದ್ದು ಹೋದ. ಆ ಡಬ್ಬಿ ನನ್ನದು ಅನಿಸಿದ್ದು ನನಗೆ. ಐದನೇ ಕ್ಲಾಸಿಗೆ ನನ್ನನ್ನು ಮೈಸೂರಿನ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಬರೀ ನಲವತ್ತೈದು ಕಿಲೋಮೀಟರ್. ಅಲ್ಲೂ ಕನ್ನಡವೇ, ಅಲ್ವಾ? ಆದರೆ ಹಾಲಿಗೆ ‘ಆಲು’ ಅಂದಿದ್ದಕ್ಕೆ ಇಡೀ ಕ್ಲಾಸು ನಕ್ಕಿತು. ಆಮೇಲೆ ರಾಗಿ ರೊಟ್ಟಿಯನ್ನು ಡಬ್ಬಿ ಮುಚ್ಚಳದ ಮರೆಯಲ್ಲಿ ತಿನ್ನುತ್ತಿದ್ದೆ. ಯಾರಿಗೂ ಹೇಳಲಿಲ್ಲ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಚಿತ್ರದ ಆ ಮನೆಯಲ್ಲಿ ಅಪ್ಪನ ಬಗ್ಗೆ ಮಾತೇ ಇಲ್ಲ. ಹುಡುಗ ಕೇಳಿದರೂ ತಾಯಿ ಹೇಳುವುದಿಲ್ಲ, ಬೇರೆ ಯಾರನ್ನು ಕೇಳಬೇಕು ಅವನು? ನಮ್ಮೂರಲ್ಲಾದರೆ ಅರಳಿಕಟ್ಟೆಯವರು, ಅತ್ತೆ, ಪಕ್ಕದ ಮನೆಯವರು, ತಾಯಿಗಿಂತ ಮುಂಚೆ ಎಲ್ಲ ಹೇಳಿರುತ್ತಿದ್ದರು, ಸ್ವಲ್ಪ ಉಪ್ಪುಖಾರ ಜಾಸ್ತಿ ಸೇರಿಸಿ. ಆ ಕಾಟಕ್ಕೆ ಹೆದರಿಯೇ ಊರು ಬಿಟ್ಟವನು ನಾನು. ಟೊರಾಂಟೊದಲ್ಲಿ ಯಾರೂ ಏನೂ ಕೇಳುವುದಿಲ್ಲ. ಮೊದಲ ಎರಡು ವರ್ಷ ಅದು ಸುಖ ಅನಿಸಿತ್ತು.

ಕೊನೆಗೆ ತಾಯಿ-ಮಗ ಕೊರಿಯಾಕ್ಕೆ ಹೋಗುತ್ತಾರೆ. ಅಲ್ಲಿಯವರೆಗೆ ಚೌಕವಾಗಿದ್ದ ಪರದೆ ಅಲ್ಲಿ ಅಗಲವಾಗುತ್ತದೆ. ಮೈಸೂರಿನಿಂದ ಊರಿಗೆ ಬರುವ ಶನಿವಾರದ ಬಸ್ಸು ಶ್ರೀರಂಗಪಟ್ಟಣ ದಾಟಿ, ಕಬ್ಬಿನ ಗದ್ದೆ ಶುರುವಾದಾಗ ನನಗೂ ಹಾಗೇ ಆಗುತ್ತಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ಮಗನ ದನಿ. ಬಂದು ಮೂರೇ ವಾರ. ‘ಅಜ್ಜಿ, ಆಲು ಕೊಡು’ ಅನ್ನುತ್ತಿದ್ದ.

ನಾನು ತಿದ್ದಲಿಲ್ಲ.